ಬೆಳಿಗ್ಗೆ ಹಿಡಿಯದ ಬ್ರೇಕು

ಮಾರ್ಚ್ ೪, ಮಂಗಳವಾರ

ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾಗಿ ವರ್ಷವಾದ ಮೇಲೆ ಇವತ್ತು ಮತ್ತೆ ಸ್ಟಿಯರಿಂಗ್ ಹಿಡಿದೆ. ಅದನ್ನು ಸ್ಟಿಯರಿಂಗ್ ಎನ್ನುವುದಕ್ಕೂ ನಾಚಿಕೆ, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಗಾಲ್ಫ್ ಕ್ಲಬ್ಬಿನ ಬ್ಯಾಟರಿ ಗಾಡಿ. ಬಾಗಿಲಿಲ್ಲ, ಹಾರ್ನ್ ಇದ್ದೂ ಇಲ್ಲದ ಹಾಗೆ, ಸದ್ದಂತೂ ಇಲ್ಲವೇ ಇಲ್ಲ. ಸ್ಟಾರ್ಟ್ ಆಗಿದೆಯೋ ಇಲ್ಲವೋ ತಿಳಿಯದೆ ಕೀ ತಿರುಗಿಸುತ್ತಲೇ ಕೂತಿದ್ದೆ. ಆಡಲು ಬರುವ ವಯಸ್ಸಾದ ಸದಸ್ಯರನ್ನು ಕೂರಿಸಿಕೊಂಡು ಹುಲ್ಲಿನ ನಡುವೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬಿಡುವುದು ಕೆಲಸ. ಕೆಲವು ತಿಂಗಳು ನೋಡುತ್ತಾರಂತೆ, ಸರಿಹೋದರೆ ಕಾಯಂ.

ಕೆಲಸ ಕೊಡಿಸಿದ್ದು ಮಗಳು. ಹಾಗೆಂದು ಅವಳು ಹೇಳುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಗಾಲ್ಫ್ ಕ್ಲಬ್ಬಿನ ಮ್ಯಾನೇಜರ್ ಎಲ್ಲಿಂದ ಪರಿಚಯ ಎಂದು ನಾನು ಕೇಳಲಿಲ್ಲ. ಆ ಕ್ಲಬ್ಬಿನ ಗಾಡಿ ಶೆಡ್ಡಿನಲ್ಲಿ ಅವಳ ಗಂಡ ಮೆಕ್ಯಾನಿಕ್ಕು. ಕೇಳಿದರೆ ಆಮೇಲೆ ಅವನಿಗೆ ಉಪಕಾರ ಸ್ಮರಣೆ ಮಾಡಬೇಕಾಗುತ್ತದೆ.

ಆ ಮನುಷ್ಯನ ಜೊತೆ ನಾನು ಮಾತು ಬಿಟ್ಟು ನಾಲ್ಕು ವರ್ಷ. ಬಿಟ್ಟು ಎನ್ನುವುದೂ ಸುಳ್ಳು, ಶುರು ಮಾಡಿದ್ದರೆ ತಾನೇ ಬಿಡುವುದು. ನನ್ನನ್ನು ಒಂದು ಮಾತು ಕೇಳದೆ ನನ್ನ ಮಗಳನ್ನು ಮದುವೆಯಾದವನು. ಇವನ ಹತ್ತಿರ ನನ್ನ ಬಾಯಿಂದ ಒಂದಕ್ಷರ ಬರುವುದಿಲ್ಲ ಎಂದು ಅವತ್ತೇ ಹೇಳಿದ್ದೆ, ಹಾಗೇ ನಡೆದುಕೊಂಡಿದ್ದೇನೆ. ಇವಳ ತಾಯಿ ಇರುವ ತನಕ ನಮ್ಮಿಬ್ಬರ ಮಾತನ್ನು ಆಚೆ ಈಚೆ ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ಮಗಳು ನನ್ನನ್ನು ತನ್ನ ಮನೆಗೆ ಕರೆತಂದಳು, ದಾಟಿಸುವ ಕೆಲಸವೂ ಅವಳ ಪಾಲಿಗೆ ಬಂತು. ಅವನದೇ ಮನೆಯಲ್ಲಿ, ಅವನ ಎದುರೇ ಕೂತು ಊಟ ಮಾಡುತ್ತೇನೆ. ಉಪ್ಪು ಬೇಕಾದರೆ ಮಗಳನ್ನು ಕೇಳುತ್ತೇನೆ, ಡಬ್ಬಿ ಅವನ ಕೈ ಪಕ್ಕದಲ್ಲೇ ಇದ್ದರೂ.

ಡ್ಯೂಟಿ ಮುಗಿದ ಮೇಲೆ ಗಾಡಿಯ ಬಗ್ಗೆ ನಾಲ್ಕು ಸಾಲು ಬರೆಯುವುದು ಡಿಪೋದಲ್ಲಿ ಅಂಟಿದ ಚಾಳಿ. ಈಗ ಓದುವವರು ಯಾರೂ ಇಲ್ಲ. ಆದರೂ ಬರೆಯದಿದ್ದರೆ ಡ್ಯೂಟಿ ಮುಗಿದ ಹಾಗೆ ಅನಿಸುವುದಿಲ್ಲ.

ಮಾರ್ಚ್ ೬, ಗುರುವಾರ

ಈ ಗಾಡಿಯ ಬ್ರೇಕಿನ ತಲೆಬುಡ ಅರ್ಥವಾಗುತ್ತಿಲ್ಲ. ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಬ್ರೇಕಿನ ಮೇಲೆ ಇನ್ನೂ ಇಟ್ಟಿಲ್ಲ. ಗಾಡಿ ತಾನಾಗಿ ನಿಧಾನವಾಯಿತು, ನಿಂತಿತು. ನಿಂತ ಕೂಡಲೇ ಕೆಳಗಿನಿಂದ ಟಕ್ ಎಂದಿತು. ಆಮೇಲೆ ಇಳಿದು ನೂಕಿದರೂ ಅಲ್ಲಾಡಲಿಲ್ಲ. ಬ್ರೇಕ್ ಹಾಕಿದ್ದು ಯಾರು? ಗಾಡಿಯಲ್ಲಿ ನಾನೊಬ್ಬನೇ ಇದ್ದದ್ದು.

ಆಟ ಶುರುವಾಗುವ ಜಾಗದಲ್ಲಿ ನಿಂತು ಯಾರ ಸರದಿ ಎಂದು ಕೂಗುವವನೊಬ್ಬನಿದ್ದಾನೆ. ಗಂಟಲು ಹಾಗಿರುವುದರಿಂದ ಎಲ್ಲರೂ ಅವನನ್ನು ಕಹಳೆ ಎನ್ನುತ್ತಾರೆ. ಅವನನ್ನು ಕೇಳಿದೆ.

"ನನ್ನನ್ಯಾಕೆ ಕೇಳ್ತೀರಿ? ಮೆಕ್ಯಾನಿಕ್ ಅಲ್ಲೇ ಇದ್ದಾನಲ್ಲ."

"ನೀನೇ ಕೇಳ್ಕೊಂಡು ಬಾರಪ್ಪ. ನನಗೆ ಅಲ್ಲೀವರೆಗೆ ಹತ್ತೋಕಾಗಲ್ಲ."

ಶೆಡ್ಡು ಇರುವುದು ಸಣ್ಣ ದಿಣ್ಣೆಯ ಮೇಲೆ, ಕೂಗಿದರೆ ಕೇಳುವಷ್ಟು ದೂರ. ಕಹಳೆ ನನ್ನ ಮುಖ ನೋಡಿದ, ಹೋದ, ಪಾಠ ಕಲಿತು ಬಂದ.

ಇದಕ್ಕೆ ಮೂರು ಬ್ರೇಕಂತೆ. ಕಾಲಿನದು ಒಂದು. ತುಳಿದರೆ ತಂತಿ ಎಳೆದು, ಹಿಂದಿನ ಚಕ್ರದ ಡ್ರಮ್ಮಿನೊಳಗೆ ಲೈನರುಗಳು ಅಗಲವಾಗಿ ಒತ್ತುತ್ತವೆ, ಹಳೇ ಸ್ಕೂಟರಿನ ಹಾಗೆ. ಇದು ಅರ್ಥವಾಯಿತು. ನಿಂತ ಮೇಲೆ ಟಕ್ ಎನ್ನುವುದು ಇನ್ನೊಂದು. ಮೋಟರಿನ ಬೆನ್ನಿಗೆ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ, ಕರೆಂಟು ಹರಿದರೆ ಮಾತ್ರ ಬಿಡುತ್ತದೆ. ಇದೂ ಅರ್ಥವಾಯಿತು. ಬಸ್ಸಿನಲ್ಲೂ ಗಾಳಿ ಖಾಲಿಯಾದರೆ ಬ್ರೇಕು ಹಿಡಿದುಕೊಳ್ಳುತ್ತದೆಯೇ ಹೊರತು ಬಿಡುವುದಿಲ್ಲ. ತಲೆ ಕೆಡಿಸಿದ್ದು ಮೂರನೆಯದು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟರು ಚಕ್ರವನ್ನು ತಿರುಗಿಸುವುದು ನಿಂತು, ಚಕ್ರವೇ ಮೋಟರನ್ನು ತಿರುಗಿಸುತ್ತದಂತೆ. ಆಗ ಮೋಟರಿನಲ್ಲಿ ಕರೆಂಟು ಹುಟ್ಟಿ ವಾಪಸ್ ಬ್ಯಾಟರಿಗೆ ತುಂಬುತ್ತದಂತೆ. ಆ ತುಂಬುವ ಶ್ರಮಕ್ಕೇ ಗಾಡಿ ನಿಧಾನವಾಗುತ್ತದಂತೆ.

ಇಳಿಜಾರಿನಲ್ಲಿ ಬಸ್ಸು ಬಿಟ್ಟರೆ ಡೀಸೆಲ್ ಟ್ಯಾಂಕು ತುಂಬುತ್ತದೆ ಎಂದು ಯಾರಾದರೂ ಹೇಳಿದ್ದರೆ, ಡಿಪೋದಲ್ಲಿ ನಾವು ಮೊದಲು ಅವನ ಬಾಯಿ ಮೂಸಿ ನೋಡುತ್ತಿದ್ದೆವು.

ಮಾರ್ಚ್ ೧೨, ಬುಧವಾರ

ಬಲಗಾಲಿನ ಮಂಡಿ ಕೈಕೊಡುತ್ತಿದೆ. ಮೂವತ್ತು ವರ್ಷ ಬಸ್ಸಿನ ಬ್ರೇಕು ತುಳಿದದ್ದರ ಬಾಕಿ. ಗಾಡಿ ತಾನಾಗಿ ನಿಧಾನವಾಗುವುದು ಸಮತಟ್ಟಿನಲ್ಲಿ ಮಾತ್ರ. ಇಳಿಜಾರಿನಲ್ಲಿ ಏನೋ ನಾಚಿಕೆಗೆ ಒಂದಿಷ್ಟು ಹಿಂದಕ್ಕೆ ಎಳೆಯುತ್ತದೆ, ಉಳಿದದ್ದಕ್ಕೆಲ್ಲ ಕಾಲೇ ಗತಿ.

ಸಂಜೆ ಎಣ್ಣೆ ಉಜ್ಜಿಕೊಳ್ಳುವಾಗ ಮಗಳು ನೋಡಿದಳು. ಯಾರಿಗೂ ಹೇಳಬೇಡ ಎಂದೆ. "ಯಾರಿಗೂ ಅಂದ್ರೆ ಯಾರಿಗೆ ಅಪ್ಪ?" ಎಂದಳು. ಮನೆಯಲ್ಲಿರುವುದೇ ಮೂವರು.

ಮಾರ್ಚ್ ೨೧, ಶುಕ್ರವಾರ

ಗಾಡಿ ಕೊನೆಗೂ ನನ್ನ ಕೈಗೆ ಪಳಗಿದೆ. ಯಾವ ಗಾಡಿಯಾದರೂ ಅಷ್ಟೇ, ಡ್ರೈವರ್ ಯಾರೆಂದು ಗೊತ್ತಾಗಲು ಅದಕ್ಕೂ ಸ್ವಲ್ಪ ದಿನ ಬೇಕು. ಮೊನ್ನೆಯಿಂದ ಎಂಥ ಇಳಿಜಾರಿನಲ್ಲೂ ಕಾಲು ಎತ್ತಿದರೆ ಸಾಕು, ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ ಹಾಗೆ ನಿಲ್ಲುತ್ತದೆ. ಇವತ್ತು ಬೆಳಗಿನ ಮೊದಲ ಸುತ್ತು ಬಿಟ್ಟರೆ ಇಡೀ ದಿನ ಬ್ರೇಕ್ ತುಳಿಯಲೇ ಇಲ್ಲ. ಮಂಡಿಗೆ ರಜೆ.

ಕಾಲು ಯಾವಾಗ ಎತ್ತಬೇಕು ಎಂಬುದರಲ್ಲೇ ಎಲ್ಲ ಇದೆ ಎಂದು ಊಟದ ಹೊತ್ತಿಗೆ ಮಗಳಿಗೆ ವಿವರಿಸಿದೆ. ಅದಕ್ಕೆ ಅಂದಾಜು ಬೇಕು, ಅನುಭವ ಬೇಕು, ಇವತ್ತಿನವರಿಗೆ ಅದೆಲ್ಲ ಬರುವುದಿಲ್ಲ ಎಂದೆ. ಮಗಳು ಗಂಡನ ಕಡೆ ನೋಡಿದಳು. ಆ ಮನುಷ್ಯ ತಲೆ ಎತ್ತದೆ ತಟ್ಟೆ ನೋಡುತ್ತ ಕೂತಿದ್ದ. ಹೊಟ್ಟೆಕಿಚ್ಚು ಇರಬೇಕು.

ಏಪ್ರಿಲ್ ೨, ಬುಧವಾರ

ಒಂದು ವಿಚಿತ್ರ. ಬೆಳಿಗ್ಗೆ ಶೆಡ್ಡಿನಿಂದ ಗಾಡಿ ತೆಗೆದು ಮೊದಲ ಸಲ ದಿಣ್ಣೆ ಇಳಿಯುವಾಗ ಅದು ಹಿಡಿಯುವುದಿಲ್ಲ. ಕಾಲು ಎತ್ತಿದರೂ ಜಾರಿಕೊಂಡು ಹೋಗುತ್ತದೆ. ನಾಲ್ಕು ಸುತ್ತು ಹಾಕಿ ಬಂದು ಅದೇ ದಿಣ್ಣೆ ಇಳಿದರೆ ಚೆನ್ನಾಗಿ ಹಿಡಿಯುತ್ತದೆ. ನಾಲ್ಕೈದು ದಿನದಿಂದ ನೋಡುತ್ತಿದ್ದೇನೆ. ಇಬ್ಬನಿಯೇನೋ ಎಂದುಕೊಂಡೆ. ಇವತ್ತು ಇಬ್ಬನಿ ಇರಲಿಲ್ಲ.

"ಬೆಳಿಗ್ಗೆ ಹೊತ್ತು ಗಾಡಿ ಸರಿಯಾಗಿ ಹಿಡೀತಿಲ್ಲ, ಶೆಡ್ಡಲ್ಲಿ ಸ್ವಲ್ಪ ಹೇಳು" ಎಂದು ಕಹಳೆಗೆ ಹೇಳಿದೆ. ಅವನು ನಿಂತಲ್ಲಿಂದಲೇ ದಿಣ್ಣೆಯ ಕಡೆ ತಿರುಗಿ, "ಇವರ ಗಾಡಿ ಹಿಡೀತಿಲ್ವಂತೆ!" ಎಂದು ಕೂಗಿದ. ಆಡುತ್ತಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು.

ಮಧ್ಯಾಹ್ನ ಮೆಕ್ಯಾನಿಕ್ಕು ಬಂದು ಗಾಡಿ ತೆಗೆದುಕೊಂಡು ಹೋದ. ದಿಣ್ಣೆ ಹತ್ತಿದ, ಇಳಿದ, ಹತ್ತಿದ, ಇಳಿದ. ಎಲ್ಲ ಸರಿಯಾಗಿದೆ ಎಂದು ಕಹಳೆಯ ಕೈಲಿ ಹೇಳಿ ಕಳಿಸಿದ.

ಸರಿಯಾಗಿದೆಯಂತೆ. ಹಾಗಾದರೆ ಬೆಳಿಗ್ಗೆ ಜಾರಿದ್ದು ಯಾರು, ನಾನೇ?

ಏಪ್ರಿಲ್ ೮, ಮಂಗಳವಾರ

ಇವತ್ತು ಬೆಳಿಗ್ಗೆ ಎಂದಿಗಿಂತ ಜಾಸ್ತಿ ಜಾರಿತು. ಕೆಳಗಿನ ತಿರುವಿನಲ್ಲಿ ಬೇಲಿಗೆ ತಾಗುವುದೊಂದು ಬಾಕಿ. ಮತ್ತೆ ಹೇಳಿ ಕಳಿಸಿದೆ, ಮತ್ತೆ ಮಧ್ಯಾಹ್ನ ಪರೀಕ್ಷೆ, ಮತ್ತೆ ಸರಿಯಾಗಿದೆ. ನನ್ನ ತಲೆಯೇ ಸರಿಯಿಲ್ಲವೋ ಏನೋ. ಬೇರೆ ಡ್ರೈವರುಗಳನ್ನು ಕೇಳಿದರೆ ತಮ್ಮ ಗಾಡಿ ಹಾಗೇನೂ ಮಾಡುವುದಿಲ್ಲ ಎನ್ನುತ್ತಾರೆ. ನನ್ನ ಗಾಡಿಯೊಂದೇ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಡಿಪೋದಲ್ಲಿ ಇಂಥ ಕಂಡಕ್ಟರುಗಳನ್ನು ನೋಡಿದ್ದೆ, ಗಾಡಿಯನ್ನು ನೋಡಿರಲಿಲ್ಲ.

ಊಟದ ಹೊತ್ತಿಗೆ ಮಾತು ಬಂತು.

"ಗಾಡಿ ಸರಿಯಾಗಿದೆಯಂತೆ ಅಪ್ಪ."

"ಇಲ್ಲ ಅಂತ ಹೇಳು."

"ಇಲ್ವಂತೆ."

"ಏನಾಗುತ್ತೆ, ಯಾವಾಗ ಆಗುತ್ತೆ, ಬಿಡಿಸಿ ಹೇಳೋಕೆ ಹೇಳು" ಎಂದ ಅವನು.

ಮಗಳು ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಡಿದು ಇಟ್ಟಳು. "ನಾನೇನು ಟಪಾಲಿನ ಡಬ್ಬನಾ? ಇಬ್ರೂ ಒಂದೇ ಮೇಜಲ್ಲಿ ಕೂತಿದ್ದೀರಿ. ಬಾಯಿದೆ, ಕಿವಿಯಿದೆ. ನನಗೆ ಸಾಕಾಗಿದೆ" ಎಂದವಳೇ ಎದ್ದು ಒಳಗೆ ಹೋದಳು.

ನಾವಿಬ್ಬರೂ ಉಳಿದದ್ದನ್ನು ತಿಂದು ಮುಗಿಸಿದೆವು. ಅವಳು ಯಾಕೆ ಅಷ್ಟು ರೇಗಿದಳೋ. ನಾನು ಅವಳಿಗೆ ಏನೂ ಅಂದಿರಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಗಾಡಿ ಬೇಲಿಗೆ ಹೊಡೆಯಿತು. ಹೆಡ್ ಮೇಡಂ ಪಕ್ಕದಲ್ಲಿ ಕೂತಿದ್ದರು. ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ ಅವರು, ಯಾವಾಗಲೂ ನನ್ನ ಗಾಡಿಯನ್ನೇ ಕೇಳುವವರು. ಇವತ್ತು ಬೇಗ ಬಂದು ಶೆಡ್ಡಿನ ತನಕ ನಡೆದೇ ಹತ್ತಿದ್ದರು. ಅಲ್ಲಿಂದಲೇ ಕೂರಿಸಿಕೊಂಡು ಇಳಿದೆ. ಕಾಲು ಎತ್ತಿದೆ. ಹಿಡಿಯಲಿಲ್ಲ. ಬ್ರೇಕು ತುಳಿದೆ. ತುಳಿದೆನೇ? ತುಳಿದೆ. ಪೆಡಲ್ ಮೆತ್ತಗೆ ಒಳಗೆ ಹೋಯಿತು, ಹಿಡಿದದ್ದು ತೀರ ತಡವಾಗಿ.

ಅವರ ಕೈ ಮುರಿದಿದೆ. ಮಣಿಕಟ್ಟು. ನನಗೆ ಒಂದು ಗೀರೂ ಇಲ್ಲ. ಮೂವತ್ತು ವರ್ಷದಲ್ಲಿ ನನ್ನ ಗಾಡಿಯಲ್ಲಿ ಕೂತವರ ಮೈಮೇಲೆ ಒಂದು ತೊಟ್ಟು ರಕ್ತ ಬಂದಿರಲಿಲ್ಲ.

ಏಪ್ರಿಲ್ ೧೬, ಬುಧವಾರ

ಮ್ಯಾನೇಜರ್ ನನ್ನನ್ನೂ ಮೆಕ್ಯಾನಿಕ್ಕನ್ನೂ ಒಟ್ಟಿಗೆ ಕರೆದರು. ಒಂದೇ ಸೋಫಾದಲ್ಲಿ ಕೂರಿಸಿದರು. ಅದು ಮೆತ್ತನೆಯ ಸೋಫಾ, ಇಬ್ಬರೂ ನಡುವಿಗೇ ಜಾರುತ್ತಿದ್ದೆವು, ಮತ್ತೆ ಮತ್ತೆ ಸರಿದು ಕೂರಬೇಕಾಯಿತು.

"ನಿಮ್ಮಿಬ್ಬರಲ್ಲಿ ಒಬ್ಬರ ತಪ್ಪು" ಎಂದರು ಮ್ಯಾನೇಜರ್. "ಗಾಡಿ ಸರಿಯಿತ್ತು ಅಂದ್ರೆ ಡ್ರೈವರ್ದು. ಸರಿಯಿರಲಿಲ್ಲ ಅಂದ್ರೆ ಮೆಕ್ಯಾನಿಕ್ದು. ಗಾಡಿ ಕಂಪನಿಯಿಂದ ಇಂಜಿನಿಯರ್ ಬರ್ತಾರೆ. ಭಾನುವಾರದೊಳಗೆ ತೀರ್ಮಾನ. ತಪ್ಪು ಯಾರದ್ದೋ ಅವರು ಈ ಕ್ಲಬ್ಬಲ್ಲಿ ಇರಲ್ಲ."

ಆಮೇಲೆ ಹೆಡ್ ಮೇಡಂ ಮನೆಗೆ ಹೋದೆ. ಕೈಗೆ ಪಟ್ಟಿ ಸುತ್ತಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. "ಕೈ ಮುರಿದಿದ್ದಕ್ಕೆ ನನಗೆ ಸಿಟ್ಟಿಲ್ಲ. ವಯಸ್ಸಾದ ಮೂಳೆ, ಇವತ್ತಲ್ಲ ನಾಳೆ ಮುರೀತಿತ್ತು. ಆದ್ರೆ ಇಳಿಯೋವಾಗ ನೀವೇನಂದ್ರಿ ಗೊತ್ತಾ? 'ಅಯ್ಯೋ, ಇವತ್ತೂ ಹಿಡೀಲಿಲ್ಲ' ಅಂದ್ರಿ. ಇವತ್ತೂ! ನನ್ನ ಸಿಟ್ಟು ಅದಕ್ಕೆ."

ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದಿರಬಹುದೇ? ಅವರು ಮಕ್ಕಳ ಸುಳ್ಳು ಹಿಡಿಯುವುದರಲ್ಲೇ ಆಯಸ್ಸು ಕಳೆದವರು, ತಪ್ಪು ಕೇಳಿಸಿಕೊಳ್ಳುವವರಲ್ಲ.

ಏಪ್ರಿಲ್ ೧೭, ಗುರುವಾರ

ಮಗಳು ಯಾರ ಮಾತನ್ನೂ ದಾಟಿಸುವುದಿಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ನನಗೆ ಉಪ್ಪು ಬೇಕಿತ್ತು, ಹಾಗೇ ತಿಂದೆ.

ಅವಳ ಗಂಡನ ತಪ್ಪೆಂದು ಸಾಬೀತಾದರೆ ಅವನು ಮನೆಯಲ್ಲಿ ಕೂರುತ್ತಾನೆ. ನನ್ನದೆಂದಾದರೆ ನಾನು ಕೂರುತ್ತೇನೆ. ಇವಳಿಗೆ ಯಾರು ಕೂತರೂ ಕಷ್ಟವೇ. ಯಾರ ಪರ ನಿಲ್ಲುತ್ತೀಯ ಎಂದು ಕೇಳಬೇಕೆನಿಸಿತು, ಧೈರ್ಯ ಬರಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

ಕಂಪನಿಯ ಇಂಜಿನಿಯರಮ್ಮ ಬಂದರು. ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಗಾಡಿಯ ಸೀಟು ಎತ್ತಿ, ಅಂಗೈಯಷ್ಟು ದೊಡ್ಡ ಮೀಟರೊಂದನ್ನು ಸಿಕ್ಕಿಸಿ ನೋಡಿದರು.

"ಕಾಲು ತೆಗೆದಾಗ ಎಷ್ಟು ಜೋರಾಗಿ ಎಳೀಬೇಕು ಅನ್ನೋ ಸೆಟ್ಟಿಂಗ್ ಇದರಲ್ಲಿ ತುದೀವರೆಗೆ ಏರಿಸಿದೆ. ಬೇರೆ ಗಾಡಿಗಳಲ್ಲಿ ಹೀಗಿಲ್ಲ. ಯಾರು ಮಾಡಿದ್ದು?"

"ನಾನೇ" ಎಂದ ಮೆಕ್ಯಾನಿಕ್ಕು.

"ಯಾರನ್ನ ಕೇಳಿ?" ಮ್ಯಾನೇಜರ್.

"ಯಾರನ್ನೂ ಕೇಳಿಲ್ಲ."

"ಯಾಕೆ?"

ಎಷ್ಟು ಕೇಳಿದರೂ ಅವನು ನೆಲ ನೋಡುತ್ತ ನಿಂತಿದ್ದ.

ಹಾಗಾದರೆ ಗಾಡಿ ನನ್ನ ಕೈಗೆ ಪಳಗಿದ್ದೆಲ್ಲ ಇವನ ಸ್ಕ್ರೂ ತಿರುವೇ? ನನ್ನ ಗಾಡಿಯನ್ನೇ ಆರಿಸಿ ಯಾಕೆ ಕೆದಕಿದ? ಮೊದಲು ಸಿಟ್ಟು ಬಂತು. ಆಮೇಲೆ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದೇಕೆ. ತಪ್ಪು ಅವನದಾಯಿತು, ನಾನು ಪಾರಾದೆ. ಆ ಖುಷಿ ಮನೆಯ ತನಕ ಬಂತು. ಬಾಗಿಲು ತೆಗೆದ ಮಗಳ ಮುಖ ನೋಡಿದ ಮೇಲೆ ಅದು ಎಲ್ಲಿ ಹೋಯಿತೋ ಕಾಣಲಿಲ್ಲ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಜೋರಾಗಿ ಹಿಡಿಯಲಿ ಎಂದು ಅವನು ಏರಿಸಿದ್ದಾದರೆ ಬೆಳಿಗ್ಗೆ ಯಾಕೆ ಹಿಡಿಯುವುದಿಲ್ಲ? ಇಂಜಿನಿಯರಮ್ಮನಿಗೆ ಅದನ್ನು ಹೇಳಿದೆ. ಬೆಳಿಗ್ಗೆ ಮಾತ್ರ, ಮೊದಲ ಸಲ ಇಳಿಯುವಾಗ ಮಾತ್ರ ಎಂದೆ. ಆ ಮನುಷ್ಯ ಥಟ್ಟನೆ ತಲೆ ಎತ್ತಿ ನನ್ನನ್ನು ನೋಡಿದ. ಅವನು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

ನಾಳೆ ಬೆಳಿಗ್ಗೆ ಪರೀಕ್ಷೆ. ಅವತ್ತು ಬಿಟ್ಟವರೇ ಗಾಡಿ ಬಿಡಬೇಕಂತೆ, ಸೆಟ್ಟಿಂಗ್ ಮಾಡಿದವರೇ ಪಕ್ಕದಲ್ಲಿ ಮೀಟರ್ ಹಿಡಿದು ಕೂರಬೇಕಂತೆ.

ಏಪ್ರಿಲ್ ೧೯, ಶನಿವಾರ

ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಗಾಡಿಯನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಕೆಳಗೆ ತಿರುವಿನಲ್ಲಿ ಮಣ್ಣಿನ ಚೀಲಗಳ ಗೋಡೆ. ಇಂಜಿನಿಯರಮ್ಮ, ಮ್ಯಾನೇಜರ್, ಕಹಳೆ ಎಲ್ಲರೂ ಆ ಚೀಲಗಳ ಆಚೆ. ಕಾಲಿನ ಬ್ರೇಕನ್ನು ನಿನ್ನೆಯೇ ಬಿಚ್ಚಿ ನೋಡಿದ್ದರು. ವಾರಗಟ್ಟಲೆ ಯಾರೂ ತುಳಿಯದೆ ಲೈನರಿನ ಮೇಲೆ ತುಕ್ಕು ಧೂಳು ಕೂತಿತ್ತಂತೆ. ಉಜ್ಜಿ, ತಂತಿ ಬಿಗಿದು ಕೊಟ್ಟಿದ್ದರು. ಬ್ಯಾಟರಿಗೆ ಕರೆಂಟು ವಾಪಸ್ ಹೋಗುವುದು ಯಾವಾಗ ನಿಲ್ಲುತ್ತದೋ ಆಗ ಮೀಟರಿನ ಅಂಕಿ ಸೊನ್ನೆಗೆ ಬರುತ್ತದೆ. ಆ ಕ್ಷಣ ಮೆಕ್ಯಾನಿಕ್ಕು ಹೇಳಬೇಕು, ನಾನು ತುಳಿಯಬೇಕು.

ಅವನು ಬಂದು ಪಕ್ಕದಲ್ಲಿ ಕೂತ. ಗಾಡಿಯಲ್ಲಿ ಇಬ್ಬರಿಗೇ ಜಾಗ. ಮೀಟರ್ ಸಿಕ್ಕಿಸಿಕೊಂಡು, "ನಿಧಾನಕ್ಕೆ ಶುರು ಮಾಡೋಕೆ ಹೇಳು..." ಎಂದು ಎಡಕ್ಕೆ ತಿರುಗಿದ. ಎಡಗಡೆ ಯಾರೂ ಇರಲಿಲ್ಲ. ನಾನು ಬಲಕ್ಕೆ ತಿರುಗಿ, "ರೆಡಿನಾ ಕೇಳು" ಎನ್ನಬೇಕೆಂದಿದ್ದೆ. ಅಲ್ಲೂ ಯಾರೂ ಇರಲಿಲ್ಲ. ಕೆಳಗಿನಿಂದ ಕಹಳೆ ಕೂಗಿದ, "ಏನಾಯ್ತು? ಹೊರಡಿ!"

ಹೊರಟೆ. ದಿಣ್ಣೆಯ ನೆತ್ತಿ ದಾಟಿದ ಮೇಲೆ ಕಾಲು ಎತ್ತಿದೆ. ಒಂದು ಗಳಿಗೆ ಅಂಗಿ ಜಗ್ಗಿದ ಹಾಗಾಯಿತು, ಆಮೇಲೆ ಬಿಟ್ಟುಬಿಟ್ಟಿತು. ಗಾಡಿ ಓಡತೊಡಗಿತು. ನನ್ನ ಕಾಲು ಹಾಗೇ ಗಾಳಿಯಲ್ಲಿತ್ತು. ಬ್ರೇಕಿಗೆ ಹೋಗಬೇಕು ಎಂದು ಗೊತ್ತು, ಹೋಗುತ್ತಿಲ್ಲ. ಮೂವತ್ತು ವರ್ಷ ಕಲಿತದ್ದನ್ನು ಈ ಕಾಲು ಒಂದು ತಿಂಗಳಲ್ಲಿ ಮರೆತಿತ್ತು.

"ಮಾವ, ಬ್ರೇಕು! ಬ್ರೇಕ್ ತುಳೀರಿ ಮಾವ!"

ತುಳಿದೆ. ಮಂಡಿಯಲ್ಲಿ ಬೆಂಕಿ ಹೊತ್ತಿದ ಹಾಗಾಯಿತು. ಗಾಡಿ ಚೀಲಗಳನ್ನು ಮುಟ್ಟುವ ಮೊದಲೇ ನಿಂತು, ಟಕ್ ಎಂದಿತು.

"ಮಂಡಿ ನೋಯ್ತಾ?" ಎಂದ ಅವನು.

ನನಗೆ ಈಗ ಮಾತಾಡಬೇಕಾಗಿತ್ತು. ನೀನು ಅನ್ನಬೇಕೋ ನೀವು ಅನ್ನಬೇಕೋ, ಅದೇ ಗೊತ್ತಾಗಲಿಲ್ಲ. ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯೇ ಎದ್ದಿರಲಿಲ್ಲ. ಎರಡೂ ಬೇಡವೆಂದು ಹೀಗೆ ಕೇಳಿದೆ, "ಮಂಡಿ ವಿಷಯ ಯಾರು ಹೇಳಿದ್ದು?"

"ನಿಮ್ಮ ಮಗಳು."

"ಸೆಟ್ಟಿಂಗ್ ಏರಿಸಿದ್ದು ಅದಕ್ಕೇನಾ?"

"ಮತ್ತೆ ಇನ್ಯಾತಕ್ಕೆ? ನಿಮಗೆ ತುಳಿಯೋ ಕಷ್ಟ ತಪ್ಪಲಿ ಅಂತ."

"ಮ್ಯಾನೇಜರ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಮಂಡಿ ನೋವು ಅಂತ ಗೊತ್ತಾದ್ರೆ ನಿಮ್ಮನ್ನ ಕಾಯಂ ಮಾಡ್ತಿದ್ರಾ?"

ಅವನು ಮೀಟರಿನ ತಂತಿ ಸುತ್ತುತ್ತ ಹೇಳಿದ, "ಬ್ಯಾಟರಿ ಪೂರ್ತಿ ತುಂಬಿದ್ರೆ ವಾಪಸ್ ಬರೋ ಕರೆಂಟಿಗೆ ಹೋಗೋಕೆ ಜಾಗ ಇರಲ್ಲ. ಆಗ ಎಳೆಯೋದನ್ನ ಗಾಡಿನೇ ಬಿಟ್ಟುಬಿಡುತ್ತೆ. ಅದು ನನಗೆ ಗೊತ್ತಿದ್ದದ್ದೇ. ಬೇರೆಯವರು ಬ್ರೇಕ್ ತುಳಿದೇ ಇಳ್ಸೋದು, ಅವರಿಗೆ ಗೊತ್ತಾಗಲ್ಲ. ನೀವು ಬೆಳಿಗ್ಗೆ ಅಂತ ಒಂದು ಮಾತು ಅಂದಿದ್ರೆ ನಿಂತಲ್ಲೇ ತಿಳೀತಿತ್ತು. ಸೋಮವಾರ ಕ್ಲಬ್ಬಿಗೆ ರಜೆ, ಎರಡು ರಾತ್ರಿ ಚಾರ್ಜಲ್ಲಿತ್ತು. ಬೇಲಿಗೆ ಹೊಡೆದ ಮಂಗಳವಾರ ತುಂಬಿ ತುಳುಕ್ತಿತ್ತು."

"ಬೆಳಿಗ್ಗೆ ಅಂತಾನೇ ಹೇಳಿದ್ದೆ."

"ಯಾರಿಗೆ?"

ಚೀಲಗಳ ಆಚೆ ಕಹಳೆ ನಿಂತಿದ್ದ. ಅವನನ್ನು ತೋರಿಸಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ.

ಏಪ್ರಿಲ್ ೨೦, ಭಾನುವಾರ

ಮತ್ತೆ ಅದೇ ಸೋಫಾ. ಇಂಜಿನಿಯರಮ್ಮನ ಪ್ರಕಾರ ಗಾಡಿಯಲ್ಲಿ ದೋಷವಿಲ್ಲ, ತುಂಬಿದ ಬ್ಯಾಟರಿಗೆ ಅದು ಸಹಜ, ಅದಕ್ಕೇ ಕಾಲಿನ ಬ್ರೇಕು ಇಟ್ಟಿರುವುದು. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ಮೇಲೆ ಕೇಳದೆ ಸೆಟ್ಟಿಂಗ್ ಮುಟ್ಟಿದ್ದೇ ಮೂಲ. ಮೆಕ್ಯಾನಿಕ್ ಹೋಗ್ಬೇಕಾಗುತ್ತೆ."

ಅವನು ಮಂಡಿಯ ವಿಷಯ ಆಗಲೂ ಎತ್ತಲಿಲ್ಲ. ಸರಿ ಎಂದು ತಲೆಯಾಡಿಸಿದ.

ನಾನು ಎದ್ದು ನಿಂತೆ. ಆ ಸೋಫಾದಿಂದ ಏಳುವುದೇ ಒಂದು ಕೆಲಸ, ಅವನ ಭುಜ ಹಿಡಿದುಕೊಂಡೇ ಎದ್ದೆ.

"ಸಾರ್, ನನ್ನ ಮಂಡಿ ಹೋಗಿದೆ. ನನಗೋಸ್ಕರ ಇವರು ಮಾಡಿದ್ದು. ಅದೂ ಇರಲಿ. ಗಾಡಿ ಬೆಳಿಗ್ಗೆ ಹಿಡಿಯಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಒಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇಳಿದೆ. ಬ್ರೇಕ್ ಮೇಲೆ ಅನುಮಾನ ಇರೋ ಗಾಡಿಗೆ ಜನ ಹತ್ತಿಸೋ ಡ್ರೈವರ್ ಡ್ರೈವರೇ ಅಲ್ಲ. ಡಿಪೋದಲ್ಲಾಗಿದ್ರೆ ನಾನೇ ಅವನನ್ನ ಕೆಳಗಿಳಿಸ್ತಿದ್ದೆ."

"ಶೆಡ್ ಅಲ್ಲೇ ಇತ್ತಲ್ರೀ. ನೀವೇ ಹೋಗಿ ಇವರಿಗೆ ಯಾಕೆ ಹೇಳ್ಲಿಲ್ಲ?"

"ಇವರು ನನ್ನ ಅಳಿಯ."

ಮ್ಯಾನೇಜರ್ ನನ್ನನ್ನೂ ನೋಡಿದರು, ಅವನನ್ನೂ ನೋಡಿದರು. "ಹಾಗಾದ್ರೆ ಹೇಳೋದು ಇನ್ನೂ ಸುಲಭ ಅಲ್ವಾ?"

ಕೆಲಸ ನನ್ನದು ಹೋಯಿತು, ಅವನದು ಉಳಿಯಿತು. ಮನೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಇಳಿಯುವಾಗ ಮೆಟ್ಟಿಲ ಹತ್ತಿರ ಅವನು ಕೈ ಕೊಟ್ಟ, ನಾನು ಹಿಡಿದುಕೊಂಡೆ. ಮಂಡಿ ಅಷ್ಟು ನೋಯುತ್ತಿತ್ತು.

ಏಪ್ರಿಲ್ ೨೪, ಗುರುವಾರ

ಮನೆಯಲ್ಲಿ ಕೂತು ಬೇಸರ. ಬರೆಯಲು ಗಾಡಿಯೇ ಇಲ್ಲ.

ಹೆಡ್ ಮೇಡಂ ಫೋನ್ ಮಾಡಿದ್ದರು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬರಬೇಕಂತೆ. ಬೈಯಲಿಕ್ಕೋ, ಬೇರೇನಕ್ಕೋ, ಧ್ವನಿಯಿಂದ ತಿಳಿಯಲಿಲ್ಲ.

ಮೇ ೫, ಸೋಮವಾರ

ಕ್ಲಬ್ಬಿಗೆ ರಜೆ, ಅಳಿಯ ಮನೆಯಲ್ಲೇ ಇದ್ದ. ಮಗಳು ಅಂಗಡಿಗೆ ಹೋಗಿದ್ದಳು. ಬೆಳಗಿನ ಗಾಡಿಗಳಿಗೆ ಈಗ ಏನು ಏರ್ಪಾಡು ಎಂದು ಕೇಳಿದೆ. ಎಲ್ಲ ಗಾಡಿಗಳನ್ನೂ ಮೊದಲು ಶೆಡ್ಡಿನ ಹಿಂದಿನ ಸಮತಟ್ಟಿನಲ್ಲಿ ಒಂದಷ್ಟು ಸುತ್ತಿಸಿ, ಬ್ಯಾಟರಿ ಸ್ವಲ್ಪ ಇಳಿದ ಮೇಲೆ ದಿಣ್ಣೆ ಇಳಿಸುತ್ತಾನಂತೆ.

ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಪೂರ್ತಿ ತುಂಬುವ ಮೊದಲೇ ಚಾರ್ಜಿನ ವೈರು ಕಿತ್ತರೆ ಆಗುವುದಿಲ್ಲವೇ ಎಂದೆ. "ಆಗಲ್ಲ ಮಾವ, ಈ ಬ್ಯಾಟರಿನ ಪೂರ್ತಿ ತುಂಬ್ಸದೆ ಬಿಟ್ರೆ ಹಾಳಾಗುತ್ತೆ" ಎಂದ. ಬಸ್ಸಿನ ಬ್ಯಾಟರಿ ಹಾಳಾಗಿತ್ತೇ ಎಂದೆ. ಬಸ್ಸಿನದೇ ಬೇರೆ, ಇದೇ ಬೇರೆ ಎಂದ. ಅಷ್ಟಕ್ಕೂ ದಿಣ್ಣೆ ಇಳಿಯುವಾಗ ಕಾಲಿನ ಬ್ರೇಕು ತುಳಿಯಲಿ, ಲೈನರೂ ತುಕ್ಕು ಹಿಡಿಯುವುದಿಲ್ಲ, ಕಾಲೂ ಮರೆಯುವುದಿಲ್ಲ, ಅದನ್ನು ಡ್ರೈವರುಗಳಿಗೆ ಕಲಿಸುವುದು ಬಿಟ್ಟು ಸುತ್ತು ಹೊಡೆಸುತ್ತೀಯಲ್ಲ ಎಂದೆ. "ನಾನ್ ಹೇಳಿದ್ರೆ ಅವರು ಕೇಳಲ್ಲ, ನೀವೇ ಬಂದು ಹೇಳಿ" ಎಂದ. "ನನ್ನನ್ನ ಕಳಿಸಿಬಿಟ್ರಲ್ಲೋ!" ಎಂದೆ. "ಗಾಡಿ ಬಿಡೋಕೆ ಬೇಡ ಅಂದಿದ್ದಾರೆ, ಬಾಯಿ ಬಿಡೋಕಲ್ಲ!" ಎಂದ. ಮಾತಿಗೆ ಮಾತು ಬೆಳೆಯಿತು. ಅವನು ತಟ್ಟೆಯ ಮೇಲೆ ಬಟ್ಟಲು ಕವುಚಿ ಡ್ರಮ್ಮು ಎಂದ, ನಾನು ಎರಡು ಚಮಚ ಇಟ್ಟು ಲೈನರು ಎಂದೆ. ಚಮಚ ಇಟ್ಟದ್ದೇ ತಪ್ಪು ಎಂದ. ನಿನಗೇನೋ ಗೊತ್ತು, ನೀನು ಹುಟ್ಟುವ ಮೊದಲೇ ನಾನು ಬ್ರೇಕು ಬಿಚ್ಚಿದವನು ಎಂದೆ. ಇಬ್ಬರ ಧ್ವನಿಯೂ ಬೀದಿಗೆ ಕೇಳುವಷ್ಟಾಗಿತ್ತು.

ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಹೆಗಲಿನ ಚೀಲ ಇಳಿಸಿರಲಿಲ್ಲ, ಚಪ್ಪಲಿಯೂ ಬಿಟ್ಟಿರಲಿಲ್ಲ. ಯಾವಾಗ ಬಂದಳೋ. ಕೆನ್ನೆಯೆಲ್ಲ ಒದ್ದೆ.

"ಯಾಕೆ, ಏನಾಯ್ತು? ಅಂಗಡೀಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದೆ.

ಇಲ್ಲ ಎಂದು ತಲೆಯಾಡಿಸಿದಳು. "ನಿಲ್ಲಿಸ್ಬೇಡಿ. ಆಡಿ, ಜಗಳ ಆಡಿ" ಎಂದು ಹೇಳಿ, ಮುಖ ತೊಳೆಯಲು ಒಳಗೆ ಹೋದಳು.

ನನಗೆ ಒಂದೂ ಅರ್ಥವಾಗಲಿಲ್ಲ. ನಾವು ಆಡುತ್ತಿದ್ದದ್ದು ಬ್ರೇಕಿನ ವಿಷಯ, ಅದರಲ್ಲಿ ಅಳುವಂಥದ್ದು ಏನಿದೆ? ಅವಳನ್ನು ಕೇಳಿದರೆ ನಗುತ್ತಾಳೆ, ಹೇಳುವುದಿಲ್ಲ. ನಾಳೆ ಅಳಿಯನಿಗೆ ಹೇಳಬೇಕು, ಅವಳು ಯಾಕೆ ಅತ್ತಳೆಂದು ಸ್ವಲ್ಪ ಕೇಳಿ ನನಗೆ ಹೇಳು ಎಂದು.